‘ಸರ್ವರ್ ಡೌನ್’: ಬರೀದ್‌ನಿಂದ ಬ್ರಾಡ್‌ಬ್ಯಾಂಡ್‌ವರೆಗೆ



ನಮ್ಮ ಶಿಡ್ಲಘಟ್ಟದಲ್ಲಿ ಇಂದು ಅತಿ ಹೆಚ್ಚು ಕಿವಿಗೆ ಬೀಳುವ ಇಂಗ್ಲಿಷ್ ಮಾತು ಯಾವುದೆಂದು ಕೇಳಿದರೆ, ನಾನು ಹಿಂದೆಮುಂದೆ ನೋಡದೆ ‘ಸರ್ವರ್ ಡೌನ್’ ಎನ್ನುತ್ತೇನೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ನಿಂತರೂ ಇದೇ ಮಾತು, ಪಹಣಿಗೆ ಹೋದರೂ ಇದೇ ಮಾತು, ಮಗುವಿನ ವಿದ್ಯಾರ್ಥಿವೇತನದ ಅರ್ಜಿ ಹಾಕಿಸಲು ಸೈಬರ್ ಅಂಗಡಿಗೆ ಹೋದರೂ ಇದೇ. ಅದರ ಬೆನ್ನಿಗೇ ‘ನಾಳೆ ಬನ್ನಿ’ ಎಂಬ ಎರಡು ಪದ. ರೇಷ್ಮೆ ಬಿಚ್ಚಣಿಕೆಯ ಕೂಲಿಯಲ್ಲಿ ಬದುಕುವ ಮನೆಗೆ ‘ನಾಳೆ ಬನ್ನಿ’ ಎಂದರೆ ಒಂದು ದಿನದ ಸಂಪಾದನೆ ಹೋಯಿತು ಎಂದೇ ಅರ್ಥ.

ಉರ್ದು ಬಲ್ಲವರಿಗೆ ಇಲ್ಲೊಂದು ತಮಾಷೆ ಕಾಣುತ್ತದೆ. ಉರ್ದುವಿನಲ್ಲಿ ಸರ್ವರ್ ಎಂದರೆ ನಾಯಕ, ಒಡೆಯ. ಇಂಗ್ಲಿಷಿನ ಸರ್ವರ್ ಎಂದರೆ ಸೇವೆ ಮಾಡುವವನು. ಉಚ್ಚಾರ ಹೆಚ್ಚುಕಡಿಮೆ ಒಂದೇ, ಅರ್ಥ ತಿರುಗುಮುರುಗು. ಕೌಂಟರಿನ ಮುಂದೆ ಕಾಯುವ ಜನರಿಗೆ ಅದು ಯಾವ ಭಾಷೆಯ ಸರ್ವರ್ ಎಂಬ ಅನುಮಾನ ಬಂದರೆ ತಪ್ಪೇನಿಲ್ಲ.

ಈ ಒಂದು ಮಾತಿನ ಹಿಂದೆ ಹಲವು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಅವುಗಳಲ್ಲಿ ಯಾವುದು ನಿಜವಾದದ್ದು ಎಂದು ತಿಳಿಯಬೇಕಾದರೆ ರೂಟರ್, ಪ್ಯಾಕೆಟ್, ಐಪಿ, ಡೊಮೇನ್ ಮುಂತಾದ ಪದಗಳ ಅರ್ಥ ಗೊತ್ತಿರಬೇಕು. ಕಂಪ್ಯೂಟರ್ ಪುಸ್ತಕ ತೆರೆದರೆ ಈ ಪದಗಳು ಹೆದರಿಸುತ್ತವೆ. ಚರಿತ್ರೆಯ ಕಡೆಯಿಂದ ಬಂದರೆ ಅಷ್ಟು ಹೆದರಿಸುವುದಿಲ್ಲ, ಏಕೆಂದರೆ ಜಾಲ ಎಂಬುದು ಹೊಸ ವಸ್ತುವಲ್ಲ.

ಅಬ್ಬಾಸಿ ಖಲೀಫರ ಕಾಲದಲ್ಲಿ ಬಗ್ದಾದಿನಿಂದ ನಾಲ್ಕು ದಿಕ್ಕಿಗೂ ‘ಬರೀದ್’ ಎಂಬ ಅಂಚೆ ವ್ಯವಸ್ಥೆ ಹರಡಿತ್ತು. ದಾರಿಯುದ್ದಕ್ಕೂ ಠಾಣೆಗಳು, ಠಾಣೆಗಳಲ್ಲಿ ಸವಾರಿಯ ಪ್ರಾಣಿಗಳು. ಪತ್ರವು ಒಂದು ಠಾಣೆಯಿಂದ ಮುಂದಿನದಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಸಾಗುತ್ತಿತ್ತು. 9ನೇ ಶತಮಾನದಲ್ಲಿ ಬರೀದ್ ಅಧಿಕಾರಿಯಾಗಿದ್ದ ಇಬ್ನ್ ಖುರ್ದಾದ್‌ಬಿಹ್ ಎಂಬ ವಿದ್ವಾಂಸರು ‘ಕಿತಾಬುಲ್ ಮಸಾಲಿಕ್ ವಲ್ ಮಮಾಲಿಕ್’ ಎಂಬ ಗ್ರಂಥದಲ್ಲಿ ಯಾವ ಊರಿನಿಂದ ಯಾವ ಊರಿಗೆ ಯಾವ ದಾರಿ, ನಡುವೆ ಯಾವ ತಂಗುದಾಣ, ಎಷ್ಟು ದೂರ ಎಂಬುದನ್ನು ದಾಖಲಿಸಿದರು. ಇಂದಿನ ಅಂತರ್ಜಾಲದ ಪ್ರತಿಯೊಂದು ರೂಟರಿನ ಹೊಟ್ಟೆಯಲ್ಲೂ ಇಂಥದೇ ಒಂದು ಪಟ್ಟಿ ಇರುತ್ತದೆ. ಅದನ್ನು ರೂಟಿಂಗ್ ಟೇಬಲ್ ಎನ್ನುತ್ತಾರೆ. ‘ಈ ವಿಳಾಸಕ್ಕೆ ಹೋಗುವುದಾದರೆ ಮುಂದಿನ ಠಾಣೆ ಇದು’ ಎಂದು ಹೇಳುವುದಷ್ಟೇ ರೂಟರಿನ ಕೆಲಸ. ಇಡೀ ದಾರಿ ಅದಕ್ಕೂ ಗೊತ್ತಿರಬೇಕಾಗಿಲ್ಲ.

14ನೇ ಶತಮಾನದಲ್ಲಿ ಹಿಂದೂಸ್ತಾನಕ್ಕೆ ಬಂದ ಇಬ್ನ್ ಬತೂತಾ ಇಲ್ಲಿನ ಕಾಲಾಳು ಅಂಚೆಯನ್ನು ಕಂಡು ಬೆರಗಾಗಿದ್ದಾನೆ. ಒಂದು ಮೈಲಿಗೆ ಮೂರು ಠಾಣೆ. ಓಡುವವನ ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸೊಂಟ ಕಟ್ಟಿ ಸಿದ್ಧನಾಗುತ್ತಿದ್ದ. ಕುದುರೆ ಅಂಚೆಗಿಂತಲೂ ಇದೇ ಬೇಗ ಎಂದು ಅವನು ಬರೆಯುತ್ತಾನೆ. ನಮ್ಮ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ಏರ್ಪಾಡು ಮಾಡಿದರು. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯೊಂದಿಗೆ ವಿಲೀನವಾಯಿತು. ಆದರೂ ‘ಅಂಚೆ’ ಎಂಬ ಪದ ನಮ್ಮಲ್ಲಿ ಉಳಿದುಕೊಂಡು ಇಂದು ‘ಮಿಂಚಂಚೆ’ಯಾಗಿದೆ. ಅರಬರೂ ಇ-ಮೇಲ್ ಅನ್ನು ಇಂದಿಗೂ ‘ಬರೀದ್’ ಎಂಬ ಪದ ಸೇರಿಸಿಯೇ ಕರೆಯುತ್ತಾರೆ.

ಆಮೇಲೆ ತಂತಿ ಬಂತು, ದೂರವಾಣಿ ಬಂತು. ದೂರವಾಣಿಯಲ್ಲಿ ಒಂದು ಅನನುಕೂಲವಿತ್ತು. ಇಬ್ಬರು ಮಾತನಾಡುತ್ತಿರುವಷ್ಟು ಹೊತ್ತು ಅವರ ನಡುವಿನ ಮಾರ್ಗ ಪೂರ್ತಿ ಅವರಿಗೇ ಮೀಸಲು. ಅವರು ಸುಮ್ಮನೆ ಕುಳಿತರೂ ಬೇರೆಯವರಿಗೆ ಆ ಮಾರ್ಗ ಸಿಗದು. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವೀಸ್ ಎಂಬ ಇಬ್ಬರು, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಇದಕ್ಕೆ ಒಂದೇ ಪರಿಹಾರ ಕಂಡುಕೊಂಡರು. ಸಂದೇಶವನ್ನು ಇಡಿಯಾಗಿ ಕಳುಹಿಸದೆ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ವಿಳಾಸ ಹಾಕಿ ಬಿಡುವುದು. ಈ ತುಂಡಿಗೆ ‘ಪ್ಯಾಕೆಟ್’ ಎಂಬ ಹೆಸರಿಟ್ಟವರು ಡೇವೀಸ್. ನಮ್ಮ ಮನೆಗಳಲ್ಲಿ ಖತಂ ಓದುವಾಗ 30 ಪಾರಾಗಳನ್ನು ಬೇರೆ ಬೇರೆಯವರು ಹಂಚಿಕೊಂಡು ಓದುತ್ತಾರಲ್ಲವೇ? ಯಾರು ಮೊದಲು ಮುಗಿಸಿದರು ಎಂಬುದು ಮುಖ್ಯವಲ್ಲ, ಪಾರಾದ ಸಂಖ್ಯೆ ನೋಡಿ ಯಾವುದು ಬಾಕಿ ಎಂದು ತಿಳಿಯುತ್ತದೆ. ಪ್ಯಾಕೆಟ್‌ಗಳೂ ಹೀಗೆಯೇ ಬೇರೆ ಬೇರೆ ದಾರಿ ಹಿಡಿದು ಹೋಗಬಹುದು. ತಲುಪಿದ ಕಡೆ ಸಂಖ್ಯೆ ನೋಡಿ ಜೋಡಿಸಿಕೊಳ್ಳಲಾಗುತ್ತದೆ. ಒಂದು ಕಳೆದುಹೋದರೆ ಅದೊಂದನ್ನೇ ಮತ್ತೆ ತರಿಸಿಕೊಂಡರೆ ಸಾಕು.

ಈ ವಿಚಾರದ ಮೇಲೆ ಅಮೆರಿಕದಲ್ಲಿ ಕಟ್ಟಿದ ಜಾಲವೇ ಅರ್ಪಾನೆಟ್. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂಬ ಪದ ಕಳುಹಿಸಲು ಹೊರಟರು. ‘ಎಲ್’ ಹೋಯಿತು, ‘ಓ’ ಹೋಯಿತು, ಮೂರನೆಯ ಅಕ್ಷರಕ್ಕೆ ಆಚೆ ಕಡೆಯ ಯಂತ್ರ ಕುಸಿದುಬಿತ್ತು. ಅಂದರೆ ಜಾಲ ಹುಟ್ಟಿದ ದಿನವೇ ‘ಸರ್ವರ್ ಡೌನ್’! ಒಂದು ವ್ಯತ್ಯಾಸವಿದೆ. ಅವರು ‘ನಾಳೆ ಬನ್ನಿ’ ಎನ್ನಲಿಲ್ಲ. ಎಲ್ಲಿ ಕೆಟ್ಟಿತೆಂದು ಹುಡುಕಿ ಸುಮಾರು ಒಂದು ಗಂಟೆಯಲ್ಲಿ ಸರಿಪಡಿಸಿಕೊಂಡರು.

ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಜಾಲಗಳು ಹುಟ್ಟಿಕೊಂಡ ಮೇಲೆ ಅವುಗಳ ನಡುವೆ ಮಾತುಕತೆ ಹೇಗೆ ಎಂಬ ಪ್ರಶ್ನೆ ಬಂತು. ಇಲ್ಲಿಗೆ ‘ಪ್ರೊಟೊಕಾಲ್’ ಬರುತ್ತದೆ. ಉರ್ದುವಿನಲ್ಲಿ ಇದಕ್ಕೆ ‘ಆದಾಬ್’ ಎಂದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಒಬ್ಬರು ಸಲಾಂ ಹೇಳುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ, ಆಮೇಲೆ ವಿಷಯಕ್ಕೆ ಬರುತ್ತಾರೆ. ಗುರುತಿಲ್ಲದ ಇಬ್ಬರ ನಡುವೆಯೂ ಈ ಕ್ರಮ ನಡೆಯುತ್ತದೆ, ಏಕೆಂದರೆ ಇಬ್ಬರಿಗೂ ಕ್ರಮ ಗೊತ್ತು. ವಿಂಟ್ ಸೆರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಟಿಸಿಪಿ ಎಂಬ ಕ್ರಮವೂ ಹೀಗೆಯೇ. ಎರಡು ಯಂತ್ರಗಳು ಮೊದಲು ಕರೆ, ಮರುಕರೆ, ಒಪ್ಪಿಗೆ ಎಂಬ ಮೂರು ಹೆಜ್ಜೆಯ ಪರಿಚಯ ಮಾಡಿಕೊಂಡು ಬಳಿಕ ಮಾಹಿತಿ ಸಾಗಿಸುತ್ತವೆ. ಟಿಸಿಪಿಯ ಜೊತೆಗಾರ ಐಪಿ, ಅಂದರೆ ವಿಳಾಸ ಹಾಕಿ ಸಾಗಿಸುವ ನಿಯಮ. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿ ಈ ಜೋಡಿ ನಿಯಮಕ್ಕೆ ಬದಲಾಯಿತು. ಇಂದು ನಾವು ಇಂಟರ್ನೆಟ್ ಎನ್ನುವುದು ಜಾಲಗಳ ನಡುವಿನ ಈ ಒಪ್ಪಂದಕ್ಕೇ. ಅದಕ್ಕೆ ಒಬ್ಬ ಮಾಲೀಕನಿಲ್ಲ.

ಐಪಿ ವಿಳಾಸ ಎಂದರೆ 192.168.1.1 ಎಂಬಂಥ ನಾಲ್ಕು ಸಂಖ್ಯೆಗಳ ಗುಂಪು. ಈ ಹಳೆಯ ಪದ್ಧತಿಯಲ್ಲಿ ಸುಮಾರು 429 ಕೋಟಿ ವಿಳಾಸ ಮಾತ್ರ ಸಾಧ್ಯ. ವಿಶ್ವದ ಮುಖ್ಯ ದಾಸ್ತಾನು 2011ರಲ್ಲೇ ಖಾಲಿಯಾದ್ದರಿಂದ ಐಪಿಯ 6ನೇ ಆವೃತ್ತಿ ಬಳಕೆಗೆ ಬಂದಿದೆ.

ಆದರೆ ಸಂಖ್ಯೆ ಯಾರಿಗೆ ನೆನಪಿರುತ್ತದೆ? ಮೊದಲು ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸಗಳ ಒಂದೇ ಪಟ್ಟಿಯಿತ್ತು. ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ಕಚೇರಿ ಅದನ್ನು ಕಾಪಾಡುತ್ತಿತ್ತು. ಪಟ್ಟಿ ಬೆಳೆದು ಹಿಡಿತಕ್ಕೆ ಸಿಗದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ಎಂಬ ಹೆಸರು ವ್ಯವಸ್ಥೆ ರೂಪಿಸಿದರು. ಹೆಸರು ಕೊಟ್ಟರೆ ಅದು ಸಂಖ್ಯೆ ಹುಡುಕಿಕೊಡುತ್ತದೆ.

ಡೊಮೇನ್ ಹೆಸರನ್ನು ಬರೆಯುವುದು ಇಂಗ್ಲಿಷಿನಂತೆ ಎಡದಿಂದ. ಆದರೆ ಅದರ ಅಧಿಕಾರವನ್ನು ಓದಬೇಕಾದದ್ದು ಉರ್ದುವಿನಂತೆ ಬಲದಿಂದ! ಕೇಂದ್ರದ ವಿದ್ಯಾರ್ಥಿವೇತನದ ತಾಣ ‘ಸ್ಕಾಲರ್‌ಶಿಪ್ಸ್ ಡಾಟ್ ಗವ್ ಡಾಟ್ ಇನ್’. ಬಲಗಡೆಯ ‘ಇನ್’ ಎಂದರೆ ಭಾರತ, ಅದರ ಎಡಕ್ಕೆ ‘ಗವ್’ ಎಂದರೆ ಸರ್ಕಾರ, ಆಮೇಲೆ ತಾಣದ ಹೆಸರು. ಹೆಸರಿನ ಎಡಭಾಗದಲ್ಲಿ ‘ಸ್ಕಾಲರ್‌ಶಿಪ್’, ‘ಗವರ್ನಮೆಂಟ್’ ಎಂದು ಏನು ಬೇಕಾದರೂ ಸೇರಿಸಿ, ಕೊನೆಯಲ್ಲಿ ಬರಿಯ ‘ಡಾಟ್ ಕಾಮ್’ ಇದ್ದರೆ ಅದು ಸರ್ಕಾರದ ಆಸ್ತಿಯಲ್ಲ. ಅಲ್ಲಿ ಆಧಾರ್ ಸಂಖ್ಯೆಯನ್ನಾಗಲಿ ಒಟಿಪಿಯನ್ನಾಗಲಿ ಕೊಡಬೇಡಿ. ಆರಂಭದಲ್ಲಿ ‘ಎಚ್‌ಟಿಟಿಪಿಎಸ್’ ಇದೆಯಲ್ಲ ಎಂದು ಕೆಲವರು ಧೈರ್ಯ ಮಾಡುತ್ತಾರೆ. ಅದರ ಕೊನೆಯ ‘ಎಸ್’ ಹೇಳುವುದು ದಾರಿಯಲ್ಲಿ ಯಾರೂ ಪತ್ರ ಒಡೆದು ಓದಲಾರರು ಎಂದು ಮಾತ್ರ. ಪತ್ರ ತಲುಪುವ ಮನೆಯಲ್ಲಿ ಕಳ್ಳನಿದ್ದಾನೋ ಇಲ್ಲವೋ ಅದು ಹೇಳುವುದಿಲ್ಲ.

ನಮ್ಮ ದೇಶದ ಕಡೆಗೆ ಬರೋಣ. 1986ರಲ್ಲಿ ಎರ್ನೆಟ್ ಎಂಬ ಶಿಕ್ಷಣ, ಸಂಶೋಧನಾ ಜಾಲದ ಯೋಜನೆ ಆರಂಭವಾಯಿತು. ಅದರಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಮೊದಲು ಮಹಾನಗರಗಳಲ್ಲಿ. ದೂರವಾಣಿ ತಂತಿಯ ಮೇಲೆಯೇ ಮೋಡೆಮ್ ಕಿರುಗುಟ್ಟುತ್ತಾ ಸೇರಿಕೊಳ್ಳುತ್ತಿದ್ದ ಕಾಲ ಅದು. ಇಂಟರ್ನೆಟ್ ನಡೆಯುತ್ತಿದ್ದರೆ ಮನೆಗೆ ಫೋನ್ ಬರುತ್ತಿರಲಿಲ್ಲ.

ನಮ್ಮಂಥ ತಾಲ್ಲೂಕುಗಳ ಜನಕ್ಕೆ ಕಂಪ್ಯೂಟರ್ ಕೌಂಟರಿನ ರುಚಿ ಹತ್ತಿಸಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಹೋದವು. 15 ರೂಪಾಯಿಗೆ ಪಹಣಿ ಸಿಗತೊಡಗಿತು. ಆರಂಭದಲ್ಲಿ ಪ್ರತಿ ತಾಲ್ಲೂಕಿನ ಮಾಹಿತಿ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲೇ ಇರುತ್ತಿತ್ತು. ಒಂದೇ ಕಟ್ಟಡದೊಳಗಿನ ಇಂಥ ಜೋಡಣೆಗೆ ಲ್ಯಾನ್ ಎನ್ನುತ್ತಾರೆ. ಮಾಹಿತಿಯೆಲ್ಲ ಬೆಂಗಳೂರಿನ ಕೇಂದ್ರಕ್ಕೆ ಸೇರಿ, ಊರೂರಿನ ಕಚೇರಿಗಳು ದೂರದಿಂದ ಅದನ್ನು ಕೇಳತೊಡಗಿದ ಮೇಲೆ ಅದು ವ್ಯಾನ್ ಆಯಿತು. ಕೇಳುವ ಯಂತ್ರ ಕ್ಲೈಂಟ್, ಕೊಡುವ ಯಂತ್ರ ಸರ್ವರ್. ಇದರಿಂದ ಅನುಕೂಲವಾದದ್ದು ನಿಜ, ಯಾವ ಊರಿನಲ್ಲಿ ಕುಳಿತರೂ ಪಹಣಿ ಸಿಗುತ್ತದೆ. ಆದರೆ ಕೆಡಬಹುದಾದ ಜಾಗಗಳೂ ಹೆಚ್ಚಾದವು. ನಮ್ಮ ಗೂಡಿನ ಮಾರುಕಟ್ಟೆಯಲ್ಲೂ ಕೂಗಿನ ಹರಾಜು ಹೋಗಿ ಇ-ಹರಾಜು ಬಂದಿದೆ. ಹಿಂದೆ ಗಂಟಲು ಕಟ್ಟಿದರೆ ಮಾತ್ರ ವ್ಯಾಪಾರ ನಿಲ್ಲುತ್ತಿತ್ತು, ಈಗ ಜಾಲ ಕಟ್ಟಿದರೂ ನಿಲ್ಲುತ್ತದೆ.

ಹಾಗಾದರೆ ‘ಸರ್ವರ್ ಡೌನ್’ ಎಂದಾಗ ಏನು ನೋಡಬೇಕು? ಮೊಬೈಲಿನಲ್ಲಿ ವೈ-ಫೈ ಗುರುತು ಪೂರ್ತಿ ಕಂಡರೂ ಅದು ಫೋನಿನಿಂದ ರೂಟರಿನವರೆಗಿನ ಹತ್ತು ಮಾರಿನ ಕಥೆ ಮಾತ್ರ. ಅಲ್ಲಿಂದಾಚೆ ಹೋಗುವ ಆಪ್ಟಿಕಲ್ ಫೈಬರ್, ರೇಷ್ಮೆ ಎಳೆಯಂಥ ಸಣ್ಣ ಗಾಜಿನ ಎಳೆ, ರಸ್ತೆ ಅಗೆಯುವ ಜೆಸಿಬಿಗೆ ಸಿಕ್ಕಿ ತುಂಡಾಗಿದ್ದರೆ ವೈ-ಫೈ ಗುರುತಿಗೆ ಅದು ತಿಳಿಯದು. ಬೇರೊಂದು ತಾಣ ತೆರೆದು ನೋಡಿ. ಅದೂ ತೆರೆಯದಿದ್ದರೆ ತೊಂದರೆ ಬಹುಶಃ ನಮ್ಮ ಕಡೆಯದು. ಬೇರೆ ಕಂಪನಿಯ ಸಿಮ್‌ನಿಂದ ಕೆಲಸ ಆಗಲೂಬಹುದು. ಪರದೆಯ ಮೇಲೆ 404 ಎಂದು ಬಂದರೆ ಸರ್ವರ್ ಜೀವಂತವಾಗಿದೆ, ನೀವು ಕೇಳಿದ ಪುಟ ಮಾತ್ರ ಅಲ್ಲಿಲ್ಲ. 503 ಎಂದು ಬಂದರೆ ಸರ್ವರಿಗೆ ತಾಳಲಾರದಷ್ಟು ಕೆಲಸ ಬಿದ್ದಿದೆ ಅಥವಾ ಅದನ್ನು ದುರಸ್ತಿಗೆ ನಿಲ್ಲಿಸಿದ್ದಾರೆ. ಅರ್ಜಿಯ ಕೊನೆಯ ದಿನ ಇದು ಸಾಮಾನ್ಯ. ಆಗ ದಿನಾಂಕ, ಸಮಯ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ತಡವಾಯಿತೆಂದು ಯಾರಾದರೂ ಹೇಳಿದರೆ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಕೊನೆಯದಾಗಿ, ನಮ್ಮ ಊರಿಗೇ ವಿಶೇಷವಾಗಿ ಸಂಬಂಧಿಸಿದ ಒಂದು ವಿಷಯ. ವರ್ಷಗಟ್ಟಲೆ ಬಿಸಿನೀರಿನ ಬೇಸಿನ್‌ನಲ್ಲಿ ಗೂಡಿನ ಎಳೆ ಹುಡುಕುವ ತಾಯಂದಿರ ಬೆರಳುಗಳನ್ನು ನೀವು ನೋಡಿದ್ದೀರಿ. ಗೆರೆಗಳು ಸವೆದಿರುತ್ತವೆ. ಅವರು ಪಡಿತರದ ಯಂತ್ರದ ಮೇಲೆ ಹೆಬ್ಬೆಟ್ಟು ಇಡುತ್ತಾರೆ, ಪ್ಯಾಕೆಟ್‌ಗಳು ಹೋಗುತ್ತವೆ, ಜವಾಬು ಬರುತ್ತದೆ: ಬೆರಳಚ್ಚು ಹೊಂದುತ್ತಿಲ್ಲ. ಅಂಗಡಿಯಲ್ಲಿ ಅದನ್ನೂ ‘ಸರ್ವರ್’ ಎಂದೇ ಹೇಳಿ ಕಳುಹಿಸಿದರೆ, ಆ ತಾಯಿ ನಾಳೆ ಬಂದರೂ ನಾಡಿದ್ದು ಬಂದರೂ ಅದೇ ಜವಾಬು. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಪರದೆಯ ಮೇಲೆ ಏನು ಬರೆದಿದೆ ಎಂದು ಓದಿ ಹೇಳಿ ಎನ್ನಬೇಕು. ಬೆರಳಚ್ಚಿನದೇ ತೊಂದರೆಯಾದರೆ ಬೇರೆ ಬೆರಳು, ಕಣ್ಣಿನ ಪಾಪೆ, ಮೊಬೈಲಿಗೆ ಬರುವ ಒಟಿಪಿ ಎಂಬ ದಾರಿಗಳು ಆಧಾರ್ ವ್ಯವಸ್ಥೆಯಲ್ಲಿವೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಲೂಬಹುದು, ಅದೇ ಸಲ ಮೊಬೈಲ್ ಸಂಖ್ಯೆಯನ್ನೂ ಸೇರಿಸಿಸಿ. ಓದು ಬರದ ತಾಯಿಯ ಜೊತೆಗೆ ಶಾಲೆಗೆ ಹೋಗುವ ಮಗನೋ ಮಗಳೋ ಒಮ್ಮೆ ಅಂಗಡಿಗೆ ಹೋಗಿ ಆ ಪರದೆಯನ್ನು ಓದಿ ಬರಲಿ.