ಹಾಸನದಿಂದ ಮೊಂಪೆಲಿಯೆಗೆ, 1929ರಲ್ಲಿ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯವನು ಫ್ರಾನ್ಸಿನ ದಕ್ಷಿಣದ ಮೂಲೆಯಲ್ಲಿ ಏನ್ ಮಾಡ್ತಿದ್ದೀಯ ಅಂತ ಗೆಳೆಯರು ಕೇಳ್ತಾ ಇರ್ತಾರೆ. ವಾರವೆಲ್ಲಾ ಕೋಡ್ ಬರೀತೀನಿ, ಭಾನುವಾರ ಮುಚ್ಚಿದ ಅಂಗಡಿಗಳನ್ನು ನೋಡ್ತಾ ತಿರುಗ್ತೀನಿ :-) ಊರಿನ ಹೆಸರು ಮೊಂಪೆಲಿಯೆ. ಸ್ಪೆಲಿಂಗ್ ನೋಡಿ ಓದಿದರೆ ಮಾಂಟ್‌ಪೆಲಿಯರ್. ಇಲ್ಲಿಗೆ ಬಂದ ಕನ್ನಡಿಗ ನಾನೇ ಮೊದಲಿಗ ಅಂತ ಬೀಗೋ ಹಾಗಿಲ್ಲ. ಸುಮಾರು ನೂರು ವರ್ಷದ ಹಿಂದೆಯೇ ಹಾಸನದ ಹುಡುಗನೊಬ್ಬ ಬಂದಿದ್ದ. ಅವನೇ ಮುಂದೆ 'ಕಾಂತಾಪುರ' ಬರೆದ ರಾಜಾ ರಾವ್.

1908ರಲ್ಲಿ ಹಾಸನದಲ್ಲಿ ಹುಟ್ಟಿದವರು. ನಾಲ್ಕು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಮೇಷ್ಟ್ರು. ಏನು ಪಾಠ ಮಾಡ್ತಿದ್ದರು ಗೊತ್ತಾ? ಕನ್ನಡ! ಈ ಮಾತು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ. ಮಗ ಹೈದರಾಬಾದು, ಅಲಿಗಢ ಅಂತ ಓದಿ, 1929ರಲ್ಲಿ ಹೈದರಾಬಾದ್ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಮೊಂಪೆಲಿಯೆ ವಿಶ್ವವಿದ್ಯಾಲಯಕ್ಕೆ ಬಂದರು, ಫ್ರೆಂಚ್ ಭಾಷೆ, ಸಾಹಿತ್ಯ ಓದೋಕೆ. ವಯಸ್ಸು ಇಪ್ಪತ್ತರ ಆಸುಪಾಸು. ನನ್ನ ಹಾಗೆ ಕಂಪನಿ ವೀಸಾ ಮಾಡಿಸಿ, ವಿಮಾನ ಹತ್ತಿಸಿ ಕಳಿಸಿದ್ದಲ್ಲ. ಹಡಗು, ಸಮುದ್ರ, ಊರಿಗೆ ಒಂದು ಕಾಗದ ಹಾಕಿದರೆ ಉತ್ತರಕ್ಕೆ ವಾರಗಟ್ಟಲೆ ಕಾಯೋದು.

ಭಾರತದ ನಂಟು ಈ ಊರಿಗೆ ಆಗಲೇ ಇತ್ತು. ನಮ್ಮ ದೇಶದ ಎಷ್ಟೋ ಪಟ್ಟಣಗಳಿಗೆ ನಗರ ಯೋಜನೆಯ ವರದಿ ಬರೆದು, ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದ್ದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್, 1924ರಲ್ಲಿ ಇಲ್ಲೇ ಬಂದು ಒಂದು ಕಾಲೇಜು ಕಟ್ಟಿಕೊಂಡಿದ್ದರು. 1932ರಲ್ಲಿ ತೀರಿಕೊಂಡದ್ದೂ ಇಲ್ಲೇ.

1931ರಲ್ಲಿ ರಾಜಾ ರಾವ್ ಇಲ್ಲೇ ಫ್ರೆಂಚ್ ಕಲಿಸುತ್ತಿದ್ದ ಕಾಮೀಯ್ ಮೂಲಿ ಎಂಬುವರನ್ನು ಮದುವೆಯಾದರು. ಆ ಸಂಸಾರ 1939ರ ಹೊತ್ತಿಗೆ ಮುರಿಯಿತು. 1960ರ 'ದಿ ಸರ್ಪೆಂಟ್ ಅಂಡ್ ದಿ ರೋಪ್' ಕಾದಂಬರಿಯಲ್ಲಿ ಮೈಸೂರು ಸೀಮೆಯ ರಾಮಸ್ವಾಮಿ, ಫ್ರೆಂಚ್ ಹೆಂಡತಿ ಮ್ಯಾಡಲೀನ್, ಇಬ್ಬರ ನಡುವೆ ಮೆಲ್ಲಮೆಲ್ಲಗೆ ಬೆಳೆಯೋ ದೂರ... ಅದನ್ನು ಓದುವಾಗ ಇದೆಲ್ಲಾ ನೆನಪಾಗದೆ ಇರಲ್ಲ. ಆ ಪುಸ್ತಕ ನನಗೆ ಭಾರವಾಯ್ತು ಬಿಡಿ, ಪುಟಕ್ಕೊಂದು ವೇದಾಂತ. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ನಾನ್ಯಾರು ಹೇಳೋಕೆ!

ನನ್ನನ್ನು ಹಿಡಿದು ಕೂರಿಸಿದ್ದು 'ಕಾಂತಾಪುರ'. 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು, ಬಹುಪಾಲು ಬರೆದದ್ದು ಫ್ರಾನ್ಸಿನಲ್ಲಿ. ಕಥೆ ಮಾತ್ರ ಹೇಮಾವತಿ ತೀರದ ಒಂದು ಹಳ್ಳಿಯದು. ಕೆಂಚಮ್ಮ ದೇವಿ, ಹರಿಕಥೆ, ಕಾಫಿ ತೋಟದ ಕೂಲಿಗಳು, ಗಾಂಧಿ ಹೆಸರು ಹೇಳಿಕೊಂಡು ಬರೋ ಮೂರ್ತಿ. ಇದನ್ನೆಲ್ಲ ಹೇಳೋದು ಅಚ್ಚಕ್ಕ ಅನ್ನೋ ಮುದುಕಿ. ಇಂಗ್ಲಿಷಿನಲ್ಲೇ ಹೇಳ್ತಾಳೆ, ಆದರೆ ವಾಕ್ಯ ನಮ್ಮ ಜಗಲಿಯದು: ಆಮೇಲೆ, ಆಮೇಲೆ ಅಂತ ಉಸಿರು ಬಿಡದೆ ಓಡುತ್ತೆ. ಪ್ರತಿ ಹಳ್ಳಿಗೂ ತನ್ನದೇ ಸ್ಥಳಪುರಾಣ ಇರುತ್ತೆ ಅಂತ ಮುನ್ನುಡಿಯಲ್ಲಿ ಬರೀತಾರೆ. ಹುಲಿ ಅಟ್ಟಿಸಿಕೊಂಡು ಬಂದಾಗ ಮೇಕೆ ಕಾವೇರಿಯನ್ನೇ ನೆಗೆದು ದಾಟಿತು ಅನ್ನೋ ಮೇಕೆದಾಟಿನ ಕಥೆ ಕೇಳುತ್ತಾ ಬೆಳೆದ ನನಗೆ ಅದು ಹೊಸ ವಿಷಯವೇನಲ್ಲ. ಒಂದು ತಕರಾರಿದೆ. ಅಚ್ಚಕ್ಕ ಬ್ರಾಹ್ಮಣರ ಬೀದಿಯಲ್ಲಿ ನಿಂತು ಊರು ನೋಡ್ತಾಳೆ. ಹೊಲೇರ ಕೇರಿ, ಕುಂಬಾರ ಕೇರಿ ಅವಳಿಗೆ ದೂರ. ಉಯ್ಯಂಬಳ್ಳಿ ಕಡೆಯ ಅಜ್ಜಿ ಯಾರಾದರೂ ಈ ಕಥೆ ಹೇಳಿದ್ದರೆ ಬೇರೆಯೇ ಊರು ಕಾಣ್ತಿತ್ತು.

ಈಗ ತಂದೆ ಕನ್ನಡ ಮೇಷ್ಟ್ರು ಅಂದೆನಲ್ಲ, ಅಲ್ಲಿಗೆ ಬರ್ತೀನಿ. ರಾಜಾ ರಾವ್ ಕನ್ನಡದಲ್ಲೂ ಬರೆದವರೇ. 1930ರ ದಶಕದ ಮೊದಲ ವರ್ಷಗಳಲ್ಲಿ ಅವರ ಕನ್ನಡ ಲೇಖನಗಳು 'ಜಯ ಕರ್ನಾಟಕ'ದಲ್ಲಿ ಬಂದವು. 1922ರಲ್ಲಿ ಧಾರವಾಡದಲ್ಲಿ ಆಲೂರು ವೆಂಕಟರಾಯರು ಶುರುಮಾಡಿದ ಪತ್ರಿಕೆ ಅದು. ಫ್ರಾನ್ಸಿನಲ್ಲಿ ಕೂತ ಹುಡುಗ ಧಾರವಾಡದ ಪತ್ರಿಕೆಗೆ ಬರೀತಾನೆ! ಕೈಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಲೇಖನ, ಆಮೇಲೆ ದೊಡ್ಡ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ.

ಇದಕ್ಕೆ ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಇಲ್ಲಿ ಕೂತಾಗ ಆಗೋದು ಏನಂದರೆ, ಊರು ಮೊದಲಿಗಿಂತ ನಿಚ್ಚಳವಾಗಿ ಕಾಣುತ್ತೆ, ರಾಗಿ ಹೊಲ, ರೇಷ್ಮೆ ಗೂಡಿನ ವಾಸನೆ ಸಮೇತ. ಆದರೆ ಕನ್ನಡ ಪದಕ್ಕೆ ತಡಕಾಡಬೇಕಾಗುತ್ತೆ. ಆಫೀಸಿನಲ್ಲಿ ಇಂಗ್ಲಿಷ್, ಬೇಕರಿಯಲ್ಲಿ ಹರಕು ಫ್ರೆಂಚ್. ನನಗಾದರೆ ದಿನಾ ರಾತ್ರಿ ಅವ್ವ ಫೋನಿನಲ್ಲಿ "ಏನ್ಲಾ ಮಗ, ಉಂಡ್ಯಾ?" ಅಂತಾಳೆ. ಯೂನಿಕೋಡ್ ಇದೆ, ಓದೋಕೆ ನೀವಿದ್ದೀರಿ. ಅವರಿಗೆ ಒಂದು ಪತ್ರಿಕೆ, ಅದೂ ಅಂಚೆ ಹಡಗಿನ ದೂರದಲ್ಲಿ.

ಅಜ್ಜನ ಕಾಲದ 'ಜಯ ಕರ್ನಾಟಕ'ದ ಕಟ್ಟು ನಿಮ್ಮ ಮನೆ ಅಟ್ಟದ ಮೇಲೇನಾದರೂ ಇದ್ದರೆ ರದ್ದಿಗೆ ಹಾಕಬೇಡಿ. 1931, 32, 33ರ ಸಂಚಿಕೆ ಸಿಕ್ಕರೆ ಫೋಟೋ ಹೊಡೆದು ಕಳಿಸಿ, ಕೂತು ಟೈಪ್ ಮಾಡೋ ಕೆಲಸ ನನ್ನದು. ಭಾನುವಾರಗಳು ಬೇಕಾದಷ್ಟಿವೆ.