‘ಪಾಯ್ಸನ್’ ಸೆಂಟಿನ ‘ಲೈಟ್’ ರೂಪ: ನೀರು ಬೆರೆಸಿದ್ದೇ? ಚರ್ಮಕ್ಕೆ ಸುರಕ್ಷಿತವೇ?

ವಿದೇಶದಿಂದ ಬಂದ ನೆಂಟರು ಸೆಂಟಿನ ಬಾಟಲಿ ಕೈಗಿಟ್ಟಾಗ, ಇಲ್ಲವೇ ಆನ್‌ಲೈನ್‌ನಲ್ಲಿ ಹುಡುಕುವಾಗ, ಒಂದೇ ಹೆಸರಿನ ನಾಲ್ಕಾರು ಬಗೆಗಳು ಕಣ್ಣಿಗೆ ಬೀಳುತ್ತವೆ. ಒಂದು ಗಾಢ, ಇನ್ನೊಂದು ‘ಲೈಟ್’. ಆಗ ಮೂರು ಮಾತು ಕೇಳಿಬರುತ್ತವೆ. ‘ಲೈಟ್ ಅಂದರೆ ಅದೇ ಸೆಂಟಿಗೆ ನೀರು ಬೆರೆಸಿದ್ದು.’ ‘ಲೈಟ್ ಆದರೆ ಅಲರ್ಜಿ ಆಗುವುದಿಲ್ಲ, ಮಕ್ಕಳಿಗೂ ಹಾಕಬಹುದು.’ ‘ಪಾಯ್ಸನ್ ಅಂತ ಹೆಸರಿದೆ, ಅದರಲ್ಲಿ ವಿಷವೇ ಇರಬೇಕು.’

ಚುಟುಕಾಗಿ ಹೇಳುವುದಾದರೆ ಮೂರೂ ತಪ್ಪು. ಮೊದಲನೆಯದನ್ನು ಮತ್ತು ಮೂರನೆಯದನ್ನು ನಂಬಿದರೆ ದೊಡ್ಡ ನಷ್ಟವಿಲ್ಲ. ಎರಡನೆಯದನ್ನು ನಂಬಿದರೆ ಚರ್ಮಕ್ಕೆ ತೊಂದರೆಯಾಗಬಹುದು. ಒಂದು ಪ್ರಸಿದ್ಧ ಸೆಂಟನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿವರವಾಗಿ ನೋಡೋಣ.

ಏನಿದು ‘ಪಾಯ್ಸನ್’?

ಫ್ರಾನ್ಸಿನ ಡಿಯೋರ್ ಸಂಸ್ಥೆ 1985ರಲ್ಲಿ ಮಾರುಕಟ್ಟೆಗೆ ತಂದ ಸೆಂಟು ಇದು. ತಯಾರಿಸಿದವರು ಎದುವಾರ್ ಫ್ಲೆಶಿಯೆ. ಕಡು ನೇರಳೆ ಬಣ್ಣದ, ಸೇಬಿನಾಕಾರದ ಬಾಟಲಿ. ಇದರ ನಡುವಿನ ಹೂವು ನಮಗೆ ಚೆನ್ನಾಗಿ ಗೊತ್ತಿರುವ ಸುಗಂಧರಾಜ. ಅದರ ಸುತ್ತ ಪ್ಲಮ್ ಹಣ್ಣು, ಕೊತ್ತಂಬರಿ ಬೀಜ, ದಾಲ್ಚಿನ್ನಿ, ಜೇನು, ವೆನಿಲಾ, ಧೂಪದಂಥ ರಾಳಗಳ ವಾಸನೆ. ಇಷ್ಟೆಲ್ಲ ಸೇರಿದ್ದರಿಂದ ಪರಿಮಳ ಕೋಣೆ ತುಂಬುವಷ್ಟು ಜೋರು. ಅಮೆರಿಕದ ಕೆಲವು ರೆಸ್ಟೋರೆಂಟ್‌ಗಳು ‘ಸಿಗರೇಟೂ ಬೇಡ, ಪಾಯ್ಸನ್ನೂ ಬೇಡ’ ಎಂಬರ್ಥದ ಫಲಕ ಹಾಕಿದ್ದವು ಎಂಬ ಮಾತು ಇಂದಿಗೂ ಪ್ರಚಲಿತ.

ಹೆಸರು ಕೇವಲ ಗಮನ ಸೆಳೆಯಲು ಇಟ್ಟದ್ದು. ಬಾಟಲಿಯಲ್ಲಿ ಇರುವುದು ಉಳಿದ ಸೆಂಟುಗಳಲ್ಲಿ ಇರುವಂಥದ್ದೇ: ಆಲ್ಕೊಹಾಲ್, ಸ್ವಲ್ಪ ನೀರು ಮತ್ತು ಸುಗಂಧ ತೈಲಗಳ ಮಿಶ್ರಣ.

‘ಲೈಟ್’ ಹೇಗೆ ತಯಾರಾಗುತ್ತದೆ?

1994ರಲ್ಲಿ ಅದೇ ಸಂಸ್ಥೆ ‘ತಾಂದ್ರ್ ಪಾಯ್ಸನ್’ ಎಂಬ ಹಗುರ ರೂಪವನ್ನು ತಂದಿತು. ‘ತಾಂದ್ರ್’ ಎಂದರೆ ಫ್ರೆಂಚ್‌ನಲ್ಲಿ ಕೋಮಲ. ಬಾಟಲಿಯ ಆಕಾರ ಅದೇ, ಬಣ್ಣ ಮಾತ್ರ ಹಸಿರು. ಒಳಗಿನ ಸೂತ್ರ ಪೂರ್ತಿ ಬೇರೆ. ಪ್ಲಮ್, ದಾಲ್ಚಿನ್ನಿಗಳ ಭಾರ ಇಳಿಸಿ, ಗಾಲ್ಬನಮ್ ಎಂಬ ರಾಳ ಮತ್ತು ಫ್ರೀಸಿಯಾ ಹೂವಿನ ಪರಿಮಳವನ್ನು ಮುಂದೆ ತಂದಿದ್ದಾರೆ.

ಗಾಲ್ಬನಮ್ ನಮ್ಮ ಅಡುಗೆಮನೆಯ ಇಂಗಿನ ಹತ್ತಿರದ ಸಂಬಂಧಿ. ಎರಡೂ ‘ಫೆರುಲಾ’ ಎಂಬ ಒಂದೇ ಕುಲದ ಗಿಡಗಳಿಂದ ಒಸರುವ ರಾಳಗಳು. ಆದರೆ ಗಾಲ್ಬನಮ್‌ಗೆ ಹಸಿ ಬಟಾಣಿ ಸಿಪ್ಪೆ ಮುರಿದಾಗ ಬರುವಂಥ ಹಸಿರು ವಾಸನೆ. ಫ್ರೀಸಿಯಾ ಹೂವಿನಿಂದ ವ್ಯಾಪಾರಕ್ಕೆ ಸಾಲುವಷ್ಟು ತೈಲ ಸಿಗುವುದಿಲ್ಲ. ಹಾಗಾಗಿ ಆ ಪರಿಮಳವನ್ನು ಬೇರೆ ರಾಸಾಯನಿಕಗಳಿಂದ ಜೋಡಿಸುತ್ತಾರೆ.

ಅಂದರೆ ಇದು ಸಾರಿಗೆ ನೀರು ಸುರಿದು ತೆಳು ಮಾಡಿದಂತಲ್ಲ, ಬೇರೆಯದೇ ಸಾರು ಮಾಡಿದಂತೆ. 1998ರ ‘ಹಿಪ್ನಾಟಿಕ್ ಪಾಯ್ಸನ್’, 2004ರ ‘ಪ್ಯೂರ್ ಪಾಯ್ಸನ್’ ಕೂಡ ಹೆಸರು ಹಂಚಿಕೊಂಡ ಬೇರೆ ಬೇರೆ ಸೆಂಟುಗಳೇ. ಸುಗಂಧ ಉದ್ಯಮದಲ್ಲಿ ಇಂಥವನ್ನು ‘ಫ್ಲ್ಯಾಂಕರ್’ ಎನ್ನುತ್ತಾರೆ.

ಹಾಗಾದರೆ ನೀರು ಬೆರೆಸುವುದೇ ಇಲ್ಲವೇ?

ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಸೂತ್ರ. ಇನ್ನೊಂದು, ಸಾಂದ್ರತೆ. ಬಾಟಲಿಯ ಮೇಲಿನ ‘ಓ ದ ಪರ್ಫಾಂ’, ‘ಓ ದ ತ್ವಾಲೆತ್’ ಎಂಬ ಪದಗಳು ಸಾಂದ್ರತೆಯನ್ನು ಸೂಚಿಸುತ್ತವೆ. ಸಾಮಾನ್ಯವಾಗಿ ಓ ದ ಪರ್ಫಾಂನಲ್ಲಿ ಸುಗಂಧ ತೈಲ ಸುಮಾರು 15ರಿಂದ 20 ಶೇಕಡಾ, ಓ ದ ತ್ವಾಲೆತ್‌ನಲ್ಲಿ 5ರಿಂದ 15, ಕೊಲೋನ್‌ನಲ್ಲಿ 2ರಿಂದ 5 ಇರುತ್ತದೆ. ಇವು ರೂಢಿಯ ಅಳತೆಗಳು, ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ.

ತೈಲ ಕಡಿಮೆಯಾದಷ್ಟೂ ಆಲ್ಕೊಹಾಲ್ ಮತ್ತು ನೀರಿನ ಪಾಲು ಹೆಚ್ಚುತ್ತದೆ ಎಂಬುದು ನಿಜ. ಆದರೆ ಮನೆಯಲ್ಲಿ ಸೆಂಟಿಗೆ ನೀರು ಸುರಿದು ‘ಲೈಟ್’ ಮಾಡಲು ಹೋಗಬೇಡಿ. ಸುಗಂಧ ತೈಲಗಳು ಆಲ್ಕೊಹಾಲ್‌ನಲ್ಲಿ ಕರಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ನೀರು ಹೆಚ್ಚಾದರೆ ತೈಲ ಬೇರೆಯಾಗಿ ದ್ರವ ಹಾಲಿನಂತೆ ಮಸುಕಾಗುತ್ತದೆ, ಸೆಂಟು ಹಾಳಾಗುತ್ತದೆ.

ಲೈಟ್ ಸೆಂಟು ಬೇಗ ಮಾಯವಾಗುವುದೇಕೆ?

ಕಾರಣ ಅಣುಗಳ ತೂಕ. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್‌ನಂಥ ಹಗುರ ಅಣುಗಳು ಬೇಗ ಆವಿಯಾಗುತ್ತವೆ. ವೆನಿಲಾ, ಕಸ್ತೂರಿಯಂಥ ಪರಿಮಳ ಕೊಡುವ ಭಾರದ ಅಣುಗಳು ನಿಧಾನವಾಗಿ ಏಳುತ್ತವೆ. ಲೈಟ್ ಸೆಂಟಿನಲ್ಲಿ ಹಗುರ ಅಣುಗಳ ಪಾಲು ಹೆಚ್ಚು. ಅದಕ್ಕೇ ಬೆಳಿಗ್ಗೆ ಹಾಕಿಕೊಂಡದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ.

ಜೊತೆಗೆ, ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಪಕ್ಕದವರಿಗೆ ಬರುತ್ತಿದ್ದರೂ ನಮಗೆ ಬರುವುದಿಲ್ಲ. ಹಾಗಾಗಿ ‘ಲೈಟ್ ತಾನೇ’ ಎಂದು ಮತ್ತೆ ಮತ್ತೆ ಹಾಕಿಕೊಳ್ಳುತ್ತೇವೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಸ್ಪ್ರೇಗೆ 0.1 ಮಿ.ಲೀ. ಎಂದುಕೊಳ್ಳಿ. 16 ಶೇಕಡಾ ತೈಲವಿರುವ ಗಾಢ ಸೆಂಟನ್ನು ಎರಡು ಬಾರಿ ಹಾಕಿದರೆ ಮೈಮೇಲೆ ಬೀಳುವ ತೈಲ 0.032 ಮಿ.ಲೀ. 8 ಶೇಕಡಾ ಇರುವ ಲೈಟ್ ಸೆಂಟನ್ನು ಐದು ಬಾರಿ ಹಾಕಿದರೆ 0.04 ಮಿ.ಲೀ. ‘ಲೈಟ್’ ಹಾಕಿಕೊಂಡವರ ಮೈಮೇಲೆಯೇ ಹೆಚ್ಚು ತೈಲ!

ಲೈಟ್ ಆದರೆ ಅಲರ್ಜಿ ಬರುವುದಿಲ್ಲವೇ?

ಬರಬಹುದು. ಅಲರ್ಜಿಗೂ ವಾಸನೆಯ ಜೋರಿಗೂ ನೇರ ಸಂಬಂಧವಿಲ್ಲ. ಯಾವ ರಾಸಾಯನಿಕಕ್ಕೆ ನಿಮ್ಮ ದೇಹ ಮುನಿಯುತ್ತದೆ ಎಂಬುದೇ ಮುಖ್ಯ. ಒಮ್ಮೆ ರೋಗನಿರೋಧಕ ವ್ಯವಸ್ಥೆ ಒಂದು ವಸ್ತುವನ್ನು ಶತ್ರು ಎಂದು ಗುರುತಿಟ್ಟುಕೊಂಡರೆ, ಮುಂದೆ ಅದರ ಸ್ವಲ್ಪ ಅಂಶ ಸೋಕಿದರೂ ತುರಿಕೆ, ಕೆಂಪು, ಗುಳ್ಳೆ ಏಳಬಹುದು. ವರ್ಷಗಟ್ಟಲೆ ಬಳಸಿದ ಸೆಂಟೂ ಒಂದು ದಿನ ಹೀಗೆ ಮಾಡಬಹುದು.

ಹಗುರ ಪರಿಮಳಗಳಲ್ಲಿ ಹೆಚ್ಚಾಗಿ ಬಳಸುವ ಲಿನಾಲೂಲ್ ಮತ್ತು ಲಿಮೊನೀನ್ ಇದಕ್ಕೆ ಒಳ್ಳೆಯ ಉದಾಹರಣೆ. ಇವು ತಾಜಾ ಇದ್ದಾಗ ತೊಂದರೆ ಕಡಿಮೆ. ಗಾಳಿ ತಾಗಿ ಹಳತಾದಾಗ ಉಂಟಾಗುವ ವಸ್ತುಗಳು ಅಲರ್ಜಿಕಾರಕ. ಎರಡೂ ಗಿಡಗಳಲ್ಲೇ ಇರುವ ವಸ್ತುಗಳು. ಹಾಗಾಗಿ ‘ನೈಸರ್ಗಿಕ, ಆದ್ದರಿಂದ ಸುರಕ್ಷಿತ’ ಎಂಬ ಮಾತೂ ನಿಲ್ಲುವುದಿಲ್ಲ.

ಯುರೋಪಿನ ನಿಯಮದಂತೆ 2005ರಿಂದ ಇಂಥ 26 ವಸ್ತುಗಳ ಹೆಸರನ್ನು ಲೇಬಲ್ ಮೇಲೆ ಬರೆಯಬೇಕು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಹೆಚ್ಚಿಗೆ ವಿಸ್ತರಿಸಿದ್ದಾರೆ. ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಇವು 0.001 ಶೇಕಡಾ ಮೀರಿದರೆ ಸಾಕು, ಹೆಸರಿಸುವುದು ಕಡ್ಡಾಯ. ಎಷ್ಟು ಕಡಿಮೆ ಪ್ರಮಾಣ ಎಂಬುದನ್ನು ಗಮನಿಸಿ. ‘ಲೈಟ್’ ಎಂಬ ಪದ ಯಾರನ್ನೂ ಕಾಪಾಡುವುದಿಲ್ಲ.

ಹಾಗಾದರೆ ಏನು ಮಾಡಬೇಕು?

• ಹೊಸ ಸೆಂಟನ್ನು ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಎರಡು ಮೂರು ದಿನ ಗಮನಿಸಿ. ತುರಿಕೆ ಬಂದರೆ ತೊಳೆದು ಬಿಟ್ಟುಬಿಡಿ.
• ಪದೇ ಪದೇ ತುರಿಕೆ ಬರುತ್ತಿದ್ದರೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಯಾವ ವಸ್ತು ಕಾರಣ ಎಂದು ತಿಳಿದರೆ ಮುಂದೆ ಲೇಬಲ್ ನೋಡಿ ಕೊಳ್ಳಬಹುದು.
• ಗಾಯ, ಕಜ್ಜಿ, ಆಗಷ್ಟೇ ಶೇವ್ ಮಾಡಿದ ಚರ್ಮದ ಮೇಲೆ ಹಾಕಬೇಡಿ. ಹಸುಗೂಸುಗಳಿಗಂತೂ ಬೇಡವೇ ಬೇಡ.
• ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಅವರೆದುರು ಸ್ಪ್ರೇ ಮಾಡಬೇಡಿ. ಕೆಲವರಿಗೆ ಪರಿಮಳವೇ ಉಬ್ಬಸ ತರುತ್ತದೆ.
• ಬಾಟಲಿಯನ್ನು ಬಿಸಿಲು, ಶಾಖದಿಂದ ದೂರವಿಡಿ. ಒಲೆ, ದೀಪದ ಹತ್ತಿರ ಸ್ಪ್ರೇ ಮಾಡಬೇಡಿ, ಆಲ್ಕೊಹಾಲ್‌ಗೆ ಬೆಂಕಿ ಬೇಗ ಹತ್ತುತ್ತದೆ.

ಕೊನೆಗೆ ವಿಷದ ಮಾತು. ‘ಪಾಯ್ಸನ್’ ಎಂಬ ಹೆಸರಿಗೆ ಹೆದರಬೇಕಿಲ್ಲ. ಆದರೆ ಯಾವ ಸೆಂಟಿನ ಬಾಟಲಿಯಲ್ಲೂ ಹೆಚ್ಚಿನ ಪಾಲು ಆಲ್ಕೊಹಾಲ್. ಬಣ್ಣದ ಬಾಟಲಿ ಕಂಡು ಪುಟ್ಟ ಮಗು ಕುಡಿದುಬಿಟ್ಟರೆ ರಕ್ತದ ಸಕ್ಕರೆ ಇಳಿದು ಪ್ರಾಣಕ್ಕೆ ಅಪಾಯವಾಗಬಹುದು. ಹಾಗಾದಾಗ ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಗಾಢವೋ ಲೈಟೋ, ಬಾಟಲಿಯ ಜಾಗ ಮಕ್ಕಳ ಕೈಗೆಟುಕದ ಎತ್ತರದಲ್ಲಿ. ಯಾರಿಗಾದರೂ ಫಾರ್ವರ್ಡ್ ಮಾಡುವುದಿದ್ದರೆ, ಈ ಒಂದು ಮಾತನ್ನು ಮೊದಲು ಮಾಡಿ.