ಬಿಗಿದ ದವಡೆಗೆ ಎಣ್ಣೆಯ ಉಪಚಾರ

ದೀಪಾವಳಿಯ ಅಭ್ಯಂಜನ ನಮಗೆಲ್ಲ ಗೊತ್ತು. ಆದರೆ ಪ್ರಾಚೀನ ವೈದ್ಯರಿಗೆ ಎಣ್ಣೆ ಹಬ್ಬದ ಸಂಭ್ರಮವಷ್ಟೇ ಅಲ್ಲ, ದಿನಚರಿಯ ಭಾಗವಾಗಿತ್ತು. ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದ ಪ್ರಕಾರ, ಕಿವಿಗೆ ಎಣ್ಣೆ ಹಾಕಿಕೊಳ್ಳುವವರಿಗೆ ಕುತ್ತಿಗೆಯೂ ದವಡೆಯೂ ಬಿಗಿಯುವುದಿಲ್ಲ. ಬಾಯಲ್ಲಿ ಎಣ್ಣೆ ಹಿಡಿದು ಉಗುಳಿದರೆ ದವಡೆಗೆ ಬಲ ಬರುತ್ತದೆ.

ಕಿವಿಗೂ ದವಡೆಗೂ ಏನು ಸಂಬಂಧ? ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲುಗುವುದೇ ದವಡೆಯ ಕೀಲು!

ಈ ಪದ್ಧತಿ ಅರಮನೆಗಳಲ್ಲೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಸ್ನಾನಕ್ಕೆ ಸುಗಂಧ ತೈಲದ ವಿವರವಿದೆ.

ಬೆಚ್ಚಗಿನ ಎಣ್ಣೆಯಿಂದ ಹದವಾಗಿ ನೀವಿದಾಗ ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ತಗ್ಗುತ್ತದೆ. ಎಣ್ಣೆ ಉಜ್ಜುವಿಕೆಯ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಕಿವಿ ಸೋರುವವರು ಮಾತ್ರ ಕಿವಿಗೆ ಎಣ್ಣೆ ಹಾಕಬಾರದು.

ಆದರೆ ದವಡೆಯ ಎಲ್ಲ ಬಿಗಿತವೂ ಒಂದೇ ಅಲ್ಲ. ಹಳೆಯ ವೈದ್ಯರು 'ಹನುಗ್ರಹ' ಎಂದು ಕರೆದದ್ದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಭೀಕರವಾದುದು ಧನುರ್ವಾಯು. ಅದರ ರೋಗಾಣುವನ್ನು ಜಪಾನಿನ ಕಿಟಸಾಟೊ 1889ರಲ್ಲಿ ಬರ್ಲಿನ್‌ನ ಪ್ರಯೋಗಾಲಯದಲ್ಲಿ ಪ್ರತ್ಯೇಕಿಸಿ ಬೆಳೆಸಿದರು. ಮಣ್ಣಿನಲ್ಲಿರುವ ಈ ರೋಗಾಣು ಗಾಯದ ಮೂಲಕ ದೇಹ ಸೇರಿ ವಿಷ ಉಂಟುಮಾಡುತ್ತದೆ. ಆ ಬಿಗಿತವನ್ನು ಯಾವ ತೈಲವೂ ಸಡಿಲಿಸದು.

ಹೆಚ್ಚು ಹೊತ್ತು ಬಗ್ಗಿ ಓದಿ ಕುತ್ತಿಗೆ ಹಿಡಿದರೆ ಅಜ್ಜಿಯ ಎಣ್ಣೆ ಸಾಕು. ಗಾಯವಾದ ಕೆಲವು ದಿನಗಳಲ್ಲಿ ಬಾಯಿ ತೆರೆಯಲಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪರಂಪರೆಯನ್ನು ಗೌರವಿಸುವುದೆಂದರೆ ಅದರ ಮಿತಿಯನ್ನೂ ಅರಿಯುವುದು.